ರಿಮೋಟ್ ಕಾರಿಗೆ ಹತ್ತು ಸಾವಿರವೇ?

ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ, ಸೊಸೈಟಿಯ ಜಗಲಿಯಲ್ಲಿ ಕೇಳಿದವರಿಗೆಲ್ಲ ಒಂದೇ ಉತ್ತರ ಹೇಳಿ ಹೇಳಿ ಸಾಕಾಯಿತು. ಅದಕ್ಕೇ ಈ ಸಲ ಕೂತು ಪೂರ್ತಿ ಬರೆಯುತ್ತಿದ್ದೇನೆ. ಓದಿದ ಮೇಲೂ "ಮಾಷ್ಟ್ರಿಗೆ ಮರುಳು" ಅನ್ನಿಸಿದರೆ ಧಾರಾಳವಾಗಿ ಹೇಳಿ.

ವಿಷಯ ಇಷ್ಟು. ನಮ್ಮದು ಕಾಸರಗೋಡಿನ ಒಳನಾಡಿನ ಒಂದು ಕನ್ನಡ ಮಾಧ್ಯಮ ಯು.ಪಿ. ಶಾಲೆ. ಗಲ್ಫಿನಲ್ಲಿ ದುಡಿಯುವ ಹಳೆ ವಿದ್ಯಾರ್ಥಿಯೊಬ್ಬರು ವಿಜ್ಞಾನ ಕ್ಲಬ್ಬಿಗೆಂದು ಹತ್ತು ಸಾವಿರ ರೂಪಾಯಿ ಕೊಟ್ಟಿದ್ದಾರೆ. ಒಬ್ಬರು ಬೀರು ಬೇಕೆಂದರು, ಇನ್ನೊಬ್ಬರು ಸ್ವಲ್ಪ ಸೇರಿಸಿ ಟಿ.ವಿ. ತರೋಣ ಎಂದರು. ನಾನು, "ರೇಡಿಯೋದಿಂದ ಓಡುವ ಒಂದು ಸಣ್ಣ ಕಾರು ತರೋಣ, ರಸ್ತೆಯಲ್ಲಿ ಓಡುವ ಜಾತಿಯದ್ದು" ಎಂದೆ. ನಕ್ಕರು. ನಗುವುದು ಸಹಜವೇ, ಯಾಕೆಂದರೆ ನಮ್ಮೂರಲ್ಲಿ ರಿಮೋಟ್ ಕಾರು ಅಂದರೆ ಏನೆಂದು ಎಲ್ಲರಿಗೂ ಗೊತ್ತು. ದುಬಾಯಿಯಿಂದ ಮಾವ ತರುತ್ತಾರೆ, ಎರಡು ದಿನ ಮನೆಯೆಲ್ಲ ಗಿರ್ರೆನ್ನುತ್ತದೆ, ಮೂರನೇ ದಿನ ಎಡಕ್ಕೆ ತಿರುಗುವುದಿಲ್ಲ, ವಾರ ಕಳೆದರೆ ಅಟ್ಟದಲ್ಲಿ. ನನ್ನ ಐದನೇ ಕ್ಲಾಸಿನಲ್ಲಿ ಕೇಳಿದೆ, ಇಪ್ಪತ್ತಮೂರು ಮಕ್ಕಳಲ್ಲಿ ಹದಿನಾಲ್ಕು ಮಕ್ಕಳ ಮನೆಯಲ್ಲಿ ಇಂಥ ಸತ್ತ ಕಾರು ಉಂಟು!

ನಾನು ಹೇಳುತ್ತಿರುವುದು ಅದಲ್ಲ. ಎರಡೂ ಕಾರುಗಳು ಹೊರಗಿನಿಂದ ಒಂದೇ ಥರ ಕಾಣುತ್ತವೆ, ಅದೇ ಫಜೀತಿ.

ಅಂಗಡಿಯ ಆಟಿಕೆ ಕಾರಿನಲ್ಲಿ ಸಾಮಾನ್ಯವಾಗಿ ನಾಲ್ಕು ಗುಂಡಿಗಳು. ಮುಂದೆ, ಹಿಂದೆ, ಎಡ, ಬಲ. ಎಡದ ಗುಂಡಿ ಒತ್ತಿದರೆ ಚಕ್ರ ಪೂರ್ತಿ ಎಡಕ್ಕೆ, ಬಿಟ್ಟರೆ ನೆಟ್ಟಗೆ. ನಡುವೆ ಏನೂ ಇಲ್ಲ. ವೇಗವೂ ಹಾಗೆಯೇ, ನಿಲ್ಲುವುದು ಅಥವಾ ಓಡುವುದು. ಒಳಗೆ ಒಂದೇ ಒಂದು ಬೋರ್ಡು, ರೇಡಿಯೋ ಸಂಕೇತ ಹಿಡಿಯುವುದೂ ಅದೇ, ಮೋಟರಿಗೆ ಕರೆಂಟ್ ಕೊಡುವುದೂ ಅದೇ. ಒಂದು ತಂತಿ ಬಿಟ್ಟರೆ ಕೈಯಿಂದ ಬೆಸುಗೆ ಹಾಕಬಹುದು, ಆದರೆ ಒಂದು ಹಲ್ಲುಚಕ್ರ ಸವೆದರೆ ಅದರ ಜೋಡಿ ಎಲ್ಲೂ ಸಿಗುವುದಿಲ್ಲ. ಬೇರೆ ಬೇರೆ ಭಾಗವಾಗಿ ಮಾರಲೆಂದು ಅದನ್ನು ಮಾಡಿಯೇ ಇಲ್ಲ.

ಇನ್ನೊಂದು ಜಾತಿ, ಹವ್ಯಾಸದ ಕಾರು. ಇದರಲ್ಲಿ ರಿಮೋಟಿನ ಸಣ್ಣ ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸಿದರೆ ಕಾರಿನ ಚಕ್ರವೂ ಅಷ್ಟೇ ತಿರುಗುತ್ತದೆ. ಟ್ರಿಗರ್ ಮೆಲ್ಲಗೆ ಎಳೆದರೆ ಇರುವೆಯ ಹಾಗೆ ಹರಿಯುತ್ತದೆ, ಪೂರ್ತಿ ಎಳೆದರೆ ನೆಗೆಯುತ್ತದೆ. ಇದಕ್ಕೆ ಪ್ರಪೋರ್ಶನಲ್ ಎನ್ನುತ್ತಾರೆ, ನಾವು ಗಣಿತದಲ್ಲಿ ಅನುಪಾತ ಎನ್ನುತ್ತೇವಲ್ಲ, ಅದೇ. ಚಕ್ರ ತಿರುಗಿಸುವುದಕ್ಕೆ ಸರ್ವೊ ಇದೆ, ವೇಗಕ್ಕೆ ನಿಯಂತ್ರಕ ಇದೆ, ಸಂಕೇತ ಹಿಡಿಯುವುದಕ್ಕೆ ರಿಸೀವರ್ ಇದೆ. ಸಣ್ಣ ಕಾರುಗಳಲ್ಲಿ ಕೊನೆಯ ಎರಡು ಒಂದೇ ಬೋರ್ಡಿನಲ್ಲಿ ಇರುವುದುಂಟು, ಆದರೂ ಆ ಬೋರ್ಡು, ಟಯರು, ಅಚ್ಚು, ಹಲ್ಲುಚಕ್ರ, ಸ್ಕ್ರೂ ಎಲ್ಲವೂ ಬಿಡಿಯಾಗಿ ಸಿಗುತ್ತವೆ.

ಹಾಗಾಗಿ ಅಂಗಡಿಯಲ್ಲಿ ಪರೀಕ್ಷೆ ಮಾಡುವುದು ಸುಲಭ. ಕಾರನ್ನು ಕೈಯಲ್ಲಿ ಎತ್ತಿ ಹಿಡಿದು ರಿಮೋಟಿನ ಚಕ್ರವನ್ನು ಮೆಲ್ಲಗೆ, ಬಹಳ ಮೆಲ್ಲಗೆ ತಿರುಗಿಸಿ ನೋಡಿ. ಮುಂದಿನ ಟಯರು ಜೊತೆಗೇ ಬಂದರೆ ಮಾತಾಡೋಣ. ಟಕ್ಕೆಂದು ಒಂದೇ ಸಲ ಹೊರಳಿದರೆ ಅದರ ಮೈಮೇಲೆ ಎಷ್ಟೇ ಚಂದದ ಲ್ಯಾಂಬೋರ್ಗಿನಿ ಚಿತ್ರ ಇದ್ದರೂ ವಾಪಸ್ಸು ಕೊಟ್ಟು ಬನ್ನಿ. ಆಮೇಲೆ "ಇದರ ಟಯರು, ಗಿಯರು ಬೇರೆ ಸಿಗುತ್ತದಾ?" ಎಂದು ಕೇಳಿ. ಅಂಗಡಿಯವರು ಮುಖ ನೋಡಿದರೆ ಉತ್ತರ ಸಿಕ್ಕಿದ ಹಾಗೆ.

ಹಳೆಯ ಆಟಿಕೆಗಳಲ್ಲಿ ಇನ್ನೊಂದು ತಮಾಷೆ ಇತ್ತು. ಹೆಚ್ಚಿನವು 27 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತಿದ್ದವು. ಒಂದೇ ಥರದ ಎರಡು ಕಾರು ಒಟ್ಟಿಗೆ ಬಿಟ್ಟರೆ ಅಣ್ಣನ ರಿಮೋಟಿಗೆ ತಮ್ಮನ ಕಾರೂ ಓಡುತ್ತಿತ್ತು, ಜಗಳ ಗ್ಯಾರಂಟಿ. ಈಗಿನ 2.4 ಗಿಗಾಹರ್ಟ್ಸ್ ಸೆಟ್ಟುಗಳಲ್ಲಿ ರಿಮೋಟ್ ಮತ್ತು ಕಾರು ಮೊದಲು ಒಂದನ್ನೊಂದು ಗುರುತು ಹಿಡಿದುಕೊಳ್ಳುತ್ತವೆ, ಹತ್ತು ಕಾರು ಓಡಿದರೂ ಗಲಿಬಿಲಿ ಇಲ್ಲ. ಈಗ ಕೊಳ್ಳುವುದಾದರೆ 2.4 ಅಲ್ಲದೆ ಬೇರೆ ಬೇಡ.

ಹಾಗಾದರೆ ಆನ್‌ರೋಡ್ ಯಾಕೆ, ಕಲ್ಲು ಮುಳ್ಳಿನಲ್ಲಿ ಹಾರುವ ದೊಡ್ಡ ಚಕ್ರದ ಜೀಪು ಯಾಕಾಗಬಾರದು? ಏಳನೇ ಕ್ಲಾಸಿನ ಹುಡುಗರೆಲ್ಲ ಇದನ್ನೇ ಕೇಳಿದರು. ಪ್ರಶ್ನೆ ಸರಿಯಾಗಿಯೇ ಉಂಟು, ನಮ್ಮ ಆಟದ ಮೈದಾನ ನೋಡಿದರೆ ಗೊತ್ತಾಗುತ್ತದೆ. ಕೆಂಪು ಮುರಕಲ್ಲಿನ ಜಲ್ಲಿ, ಮಳೆ ಬಂದರೆ ತೋಡು. ಆನ್‌ರೋಡ್ ಕಾರಿನ ಹೊಟ್ಟೆ ನೆಲಕ್ಕೆ ತಾಗುವುದಕ್ಕೆ ಕೆಲವೇ ಮಿಲಿಮೀಟರ್ ಬಾಕಿ ಇರುತ್ತದೆ. ಒಂದು ಅಡಿಕೆ ಸಿಪ್ಪೆ ಸಾಕು, ನಿಂತಿತು.

ಆದರೂ ನನ್ನ ಹಠ ಆನ್‌ರೋಡೇ. ಜೀಪು ಗುಂಡಿ ದಾಟಿತೋ ಇಲ್ಲವೋ ಎಂಬುದಷ್ಟೇ ಆಟ. ನಯವಾದ ನೆಲದಲ್ಲಿ ಓಡುವ ಕಾರು ಮಾಡುವುದೆಲ್ಲ ಅಳತೆಗೆ ಸಿಗುತ್ತದೆ. ಸೀಮೆಸುಣ್ಣದಲ್ಲಿ ಗೆರೆ ಎಳೆದು, ಎರಡು ನೀರಿನ ಬಾಟಲಿ ಇಟ್ಟು, ಮೊಬೈಲಿನಲ್ಲಿ ಸಮಯ ಹಿಡಿದರೆ ವೇಗ, ಸರಾಸರಿ, ತಿರುವಿನ ತ್ರಿಜ್ಯ ಎಲ್ಲವನ್ನೂ ಮಕ್ಕಳೇ ಬರೆದುಕೊಳ್ಳಬಹುದು. ಟಯರಿಗೆ ಧೂಳು ಹಿಡಿದಾಗ ಎಷ್ಟು ಜಾರಿತು, ಒದ್ದೆ ಬಟ್ಟೆಯಲ್ಲಿ ಒರೆಸಿದ ಮೇಲೆ ಎಷ್ಟು ಹಿಡಿಯಿತು ಎಂದು ನೋಡಿದರೆ ಘರ್ಷಣೆಯ ಪಾಠ ಮುಗಿಯಿತು. ನಾನು ಬಿ.ಎ. ಓದಿದವನು, ಕನ್ನಡ ಮತ್ತು ಸಮಾಜ ಪಾಠ ಮಾಡುವವನು. ನನಗೇ ಅರ್ಥವಾಯಿತು ಅಂದ ಮೇಲೆ ಮಕ್ಕಳಿಗೆ ಯಾಕಾಗದು? ಟಿ.ಸಿ.ಎಚ್.ನಲ್ಲಿ ನಮ್ಮಿಂದ ರಟ್ಟು, ಥರ್ಮೋಕೋಲಿನ ಬೋಧನೋಪಕರಣ ಎಷ್ಟು ಮಾಡಿಸಿದ್ದರು! ಅವುಗಳಲ್ಲಿ ಒಂದಾದರೂ ಹೀಗೆ ಓಡಿದ್ದು ನೆನಪಿಲ್ಲ :)

ಇನ್ನು ಅಳತೆ. ಇದರಲ್ಲಿಯೇ ಹೆಚ್ಚಿನವರು ತಪ್ಪು ಆಯ್ಕೆ ಮಾಡುವುದು. ಹವ್ಯಾಸದ ಆನ್‌ರೋಡ್ ಕಾರುಗಳಲ್ಲಿ ಪ್ರಸಿದ್ಧವಾದ ಅಳತೆ 1:10. ಅಂದರೆ ಮೂರೂವರೆ ಮೀಟರ್ ಉದ್ದದ ಕಾರಾದರೆ ಅದರ ಪ್ರತಿರೂಪ 35 ಸೆಂಟಿಮೀಟರ್. ಇನ್ನೊಂದು 1:28, ಅದೇ ಕಾರು ಹನ್ನೆರಡೂವರೆ ಸೆಂಟಿಮೀಟರ್ ಆಗುತ್ತದೆ, ಅಂಗೈಗಿಂತ ಕೊಂಚ ಉದ್ದ ಇಟ್ಟುಕೊಳ್ಳಿ.

1:10ರಲ್ಲಿ ಹೊಸಬರಿಗೆ ಎಲ್ಲರೂ ಹೇಳುವ ಹೆಸರು ಜಪಾನಿನ ತಾಮಿಯಾ ಕಂಪನಿಯ ಟಿಟಿ-02. ಈ ಕಂಪನಿ 1976ರಲ್ಲಿ ಪೋರ್ಷೆ 934ರ 1:12 ಪ್ರತಿರೂಪದಿಂದ ರೇಡಿಯೋ ಕಾರು ಶುರು ಮಾಡಿದ್ದು. ಟಿಟಿ-02 ಬಂದದ್ದು 2013ರಲ್ಲಿ, ಈಗಲೂ ಚಾಲ್ತಿಯಲ್ಲಿದೆ. ತೊಟ್ಟಿಯ ಹಾಗಿರುವ ಪ್ಲಾಸ್ಟಿಕ್ ಚಾಸಿಸ್, ನಡುವೆ ಒಂದು ಉದ್ದ ಶಾಫ್ಟು, ನಾಲ್ಕೂ ಚಕ್ರಕ್ಕೆ ಶಕ್ತಿ. ಪೆಟ್ಟಿಗೆ ತೆರೆದರೆ ಕಾರು ಇರುವುದಿಲ್ಲ, ತುಂಡುಗಳು ಇರುತ್ತವೆ. ಪುಸ್ತಕದಲ್ಲಿ ಚಿತ್ರ ನೋಡಿ ಒಂದೊಂದೇ ಸ್ಕ್ರೂ ಹಾಕಿ ನಾವೇ ಜೋಡಿಸಬೇಕು. ಮೇಲಿನ ಪಾರದರ್ಶಕ ಹೊದಿಕೆಗೆ ಬಣ್ಣವನ್ನು ಒಳಗಿನಿಂದ ಹೊಡೆಯಬೇಕು, ಹೊರಗೆ ಎಷ್ಟು ಉಜ್ಜಿದರೂ ಬಣ್ಣ ಹೋಗದಂತೆ. ಈ ಚಿತ್ರದ ಪುಸ್ತಕ ನನಗೆ ಬಹಳ ಹಿಡಿಸಿದ ವಸ್ತು. ಇಂಗ್ಲಿಷ್ ಬಾರದಿದ್ದರೂ ಚಿತ್ರದಿಂದ ಚಿತ್ರಕ್ಕೆ ಹೋಗಬಹುದು.

ಲೆಕ್ಕಕ್ಕೂ ಇದು ಚಿನ್ನದಂಥ ಕಾರು. ಮೋಟರಿನ ಸಣ್ಣ ಚಕ್ರಕ್ಕೆ 22 ಹಲ್ಲು, ಅದು ತಿರುಗಿಸುವ ದೊಡ್ಡದಕ್ಕೆ 70. ಒಳಗೆ ಮತ್ತೊಮ್ಮೆ 2.6ರ ಅನುಪಾತ. 70ನ್ನು 22ರಿಂದ ಭಾಗಿಸಿ 2.6ರಿಂದ ಗುಣಿಸಿದರೆ 8.27. ಅಂದರೆ ಮೋಟರು ಎಂಟೂಕಾಲು ಸುತ್ತು ಸುತ್ತಿದಾಗ ಟಯರು ಒಂದು ಸುತ್ತು. ಟಯರಿನ ವ್ಯಾಸ 63 ಮಿಲಿಮೀಟರ್ ಎಂದುಕೊಂಡರೆ ಒಂದು ಸುತ್ತಿಗೆ ಕಾರು ಸುಮಾರು 20 ಸೆಂಟಿಮೀಟರ್ ಹೋಗುತ್ತದೆ. ಮೋಟರು ನಿಮಿಷಕ್ಕೆ 15,000 ಸುತ್ತು ಎಂದು ಇಟ್ಟುಕೊಂಡು ಮುಂದಿನ ಲೆಕ್ಕ ಮಕ್ಕಳಿಗೇ ಬಿಡಿ. ಗಂಟೆಗೆ ಇಪ್ಪತ್ತೊಂದು-ಇಪ್ಪತ್ತೆರಡು ಕಿಲೋಮೀಟರ್ ಬರಬೇಕು, ಬಾರದಿದ್ದರೆ ಎಲ್ಲೋ ದಶಮಾಂಶ ಬಿಂದು ಜಾರಿದೆ.

ಇಷ್ಟೆಲ್ಲ ಹೊಗಳಿದ ಮೇಲೂ ಶಾಲೆಗೆ ಟಿಟಿ-02 ಬೇಡ ಎಂದೇ ನಾನು ಹೇಳುವುದು. ಒಂದು ಕಾರಣ ದುಡ್ಡು. ಕಿಟ್ಟಿನ ಬೆಲೆ ನೋಡಿ ಸಂತೋಷಪಟ್ಟರೆ ಆಗಲಿಲ್ಲ, ರಿಮೋಟು, ರಿಸೀವರು, ಸರ್ವೊ, ಬ್ಯಾಟರಿ, ಚಾರ್ಜರು, ಬಣ್ಣ ಎಲ್ಲ ಹೊರಗಿನಿಂದ ತರಬೇಕು. ಹತ್ತು ಸಾವಿರಕ್ಕೆ ಅದು ಮುಗಿಯುವ ಮಾತಲ್ಲ, ಅದರ ಎರಡು ಪಟ್ಟಾದರೂ ಬೇಕು. ಇನ್ನೊಂದು ಕಾರಣ ಜಾಗ. ಗಂಟೆಗೆ 25 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು ಏಳು ಮೀಟರ್. ಬ್ಯಾಡ್ಮಿಂಟನ್ ಅಂಕಣದ ಉದ್ದ 13.4 ಮೀಟರ್, ಎರಡು ಸೆಕೆಂಡು ತುಂಬುವ ಮೊದಲು ಕಾರು ಗೋಡೆಗೆ. ಒಂದೂವರೆ ಕಿಲೋ ತೂಕದ ವಸ್ತು ಆ ವೇಗದಲ್ಲಿ ಮೂರನೇ ಕ್ಲಾಸಿನ ಮಗುವಿನ ಕಾಲಿಗೆ ಬಡಿದರೆ ಮರುದಿನ ನಾನು ಶಾಲೆಗೆ ಬರುವ ಹಾಗಿಲ್ಲ.

1:28ರ ಕಾರಿಗೆ ತರಗತಿ ಕೋಣೆಯೇ ರಸ್ತೆ. ಬೆಂಚು ಬದಿಗೆ ಸರಿಸಿದರೆ ಸಾಕು. ಮಳೆಗಾಲದ ನಾಲ್ಕು ತಿಂಗಳು ನಾವು ಹೊರಗೆ ಕಾಲಿಡುವ ಹಾಗಿಲ್ಲದಿದ್ದಾಗಲೂ ಅದು ಓಡುತ್ತದೆ. ಈ ಅಳತೆಯಲ್ಲಿ ಜಪಾನಿನ ಕ್ಯೋಶೋ ಕಂಪನಿಯ ಮಿನಿ-ಝಡ್ ಹೆಸರುವಾಸಿ, 1999ರಿಂದ ಇದೆ, ಆದರೆ ಬೆಲೆ ನಮಗಲ್ಲ. ಚೀನಾದ ಡಬ್ಲ್ಯುಎಲ್ ಟಾಯ್ಸ್‌ನವರ ಕೆ989 ಅದೇ ಅಳತೆಯದ್ದು, ನಾಲ್ಕೂ ಚಕ್ರಕ್ಕೆ ಶಕ್ತಿ, ಅನುಪಾತದಲ್ಲಿ ತಿರುಗುವ ಸ್ಟಿಯರಿಂಗು, ಜೋಡಿಸಿಯೇ ಬರುತ್ತದೆ. ಐದಾರು ಸಾವಿರದಿಂದ ಮೇಲೆ, ತರಿಸುವ ದಾರಿಯ ಮೇಲೆ ಹೆಚ್ಚು ಕಡಿಮೆ. ಆಟಿಕೆ ಅನ್ನುವ ಹೆಸರು ಕಂಪನಿಗೆ ಅಂಟಿದೆ, ಆದರೆ ಸ್ಕ್ರೂ ಬಿಚ್ಚಿದರೆ ಒಳಗೆ ದೊಡ್ಡ ಕಾರಿನಲ್ಲಿ ಇರುವುದೆಲ್ಲ ಸಣ್ಣದಾಗಿ ಉಂಟು. ಇದೇ ಸಾಲಿನಲ್ಲಿ ಡ್ರಿಫ್ಟ್ ಮಾದರಿಯೂ ಇದೆ, ಅದರ ಹತ್ತಿರ ಹೋಗಬೇಡಿ. ಗಟ್ಟಿ ಪ್ಲಾಸ್ಟಿಕ್ ಟಯರು, ಜಾರುವುದಕ್ಕೆಂದೇ ಮಾಡಿದ್ದು. ವಿಡಿಯೋದಲ್ಲಿ ಚಂದ, ಕಲಿಯುವವರಿಗೆ ಅಳು. ಬ್ರಶ್‌ಲೆಸ್ ಮೋಟರೂ ಬೇಡ, ಮೊದಲ ಕಾರಿಗೆ ವೇಗ ಜಾಸ್ತಿಯಾದಷ್ಟೂ ರಿಪೇರಿ ಜಾಸ್ತಿ. ಎಣ್ಣೆಯಲ್ಲಿ ಓಡುವ ನೈಟ್ರೋ ಕಾರಿನ ಮಾತೇ ಎತ್ತಬೇಡಿ, ಆ ಇಂಧನದಲ್ಲಿ ಇರುವುದು ಮೆಥನಾಲು ಮತ್ತು ನೈಟ್ರೋಮೀಥೇನು.

ಪಾಲಿಟೆಕ್ನಿಕ್ಕಿನಲ್ಲಿ ಓದುವ ನಮ್ಮ ಹಳೆ ವಿದ್ಯಾರ್ಥಿಯೊಬ್ಬ ಹೋದ ವರ್ಷ ತನ್ನ ಇಂಥ ಕಾರನ್ನು ಎರಡು ದಿನ ಶಾಲೆಗೆ ತಂದಿದ್ದ. ನನ್ನ ಅಭಿಪ್ರಾಯ ಗಟ್ಟಿಯಾದದ್ದು ಆಗ. ಮೊದಲ ದಿನ ಎಲ್ಲರಿಗೂ ಓಡಿಸುವ ಗಡಿಬಿಡಿ. ಎರಡನೇ ದಿನ ಒಂದು ಟಯರು ಕಳಚಿ ಬಂತು, ಅಲ್ಲಿಂದ ಕಥೆ ಬೇರೆಯಾಯಿತು. ಅವನು ಕಾರನ್ನು ಮಗುಚಿ ಹಾಕಿ ತೋರಿಸುತ್ತಾ ಹೋದ. ಕಾರನ್ನು ಎತ್ತಿ ಹಿಡಿದು, ನಡುವಿನ ಶಾಫ್ಟು ತಿರುಗದ ಹಾಗೆ ಒತ್ತಿ, ಹಿಂದಿನ ಒಂದು ಚಕ್ರವನ್ನು ಮುಂದಕ್ಕೆ ತಿರುಗಿಸಿದರೆ ಇನ್ನೊಂದು ಹಿಂದಕ್ಕೆ ತಿರುಗುತ್ತದೆ! ಡಿಫರೆನ್ಶಿಯಲ್ ಎಂದು ಕರೆಯುವ ಆ ಸಣ್ಣ ಡಬ್ಬಿಯಿಂದಲೇ ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು, ಒಳಗಿನದ್ದು ಕಡಿಮೆ ಓಡುವುದು. ಆರನೇ ಕ್ಲಾಸಿನ ಒಬ್ಬಳು ಹುಡುಗಿ, ಅಪ್ಪ ಜೀಪಿನ ಡ್ರೈವರ್, "ಇದು ಅಪ್ಪ 'ಕ್ರೌನು ಹೋಯಿತು' ಅಂತ ಹೇಳ್ತಾರಲ್ಲ, ಅದೇ ಜಾಗ ಅಲ್ವಾ ಮಾಷ್ಟ್ರೇ?" ಎಂದು ಕೇಳಿದಳು. ಅದೇ ಜಾಗ. ವರ್ಷವಿಡೀ ಆ ಹುಡುಗಿಯ ಬಾಯಿಂದ ನಾನು ಅಷ್ಟು ಉದ್ದದ ವಾಕ್ಯ ಕೇಳಿರಲಿಲ್ಲ.

ಆ ಎರಡು ದಿನದಲ್ಲಿ ಮಕ್ಕಳು ಭಾಗಗಳಿಗೆ ತಮ್ಮ ಹೆಸರು ಇಟ್ಟರು. ಸರ್ವೊ ತಿರುಗುಕೈ ಆಯಿತು, ರಿಸೀವರು ಕಿವಿ, ಸಣ್ಣ ಹಲ್ಲುಚಕ್ರ ಮರಿ, ದೊಡ್ಡದು ತಾಯಿ. ಪೆಟ್ಟಿಗೆಯ ಮೇಲೆ ಇದ್ದದ್ದು ಇಂಗ್ಲಿಷ್ ಮತ್ತು ಚೀನೀ ಅಕ್ಷರ. ಒಳಗಿನ ವಸ್ತುವಿನ ಬಗ್ಗೆ ಕನ್ನಡದಲ್ಲಿ, ನಡುನಡುವೆ ತುಳು ಮಲಯಾಳ ಸೇರಿಸಿ, ಗಂಟೆಗಟ್ಟಲೆ ಜಗಳವಾಡಿದರು. ನಮ್ಮ ಗೇಟಿನ ಎದುರೇ ದಿನಾ ಬೆಳಿಗ್ಗೆ ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನು ನಿಂತು ಮಕ್ಕಳನ್ನು ಹತ್ತಿಸಿಕೊಳ್ಳುತ್ತದೆ. ನಮ್ಮ ಮಕ್ಕಳು ಅದನ್ನು ನೋಡಿಕೊಂಡೇ ಒಳಗೆ ಬರುವುದು. ಕಂಪ್ಯೂಟರು, ಮೋಟರು, ರೋಬೋಟು ಎಲ್ಲ ಆ ವ್ಯಾನಿನಲ್ಲಿ ಹೋಗುವವರ ಸೊತ್ತು, ನಮಗೆ ಪದ್ಯ ಬಾಯಿಪಾಠ ಎಂಬ ಭಾವನೆ ಹತ್ತು ವರ್ಷದ ಮಗುವಿನ ಮನಸ್ಸಿನಲ್ಲಿ ಕೂತರೆ ತೆಗೆಯುವುದು ಕಷ್ಟ. ಹೈಸ್ಕೂಲಿಗೆ ಹೋದರೆ 2018ರಲ್ಲಿ ಶುರುವಾದ ಲಿಟಲ್ ಕೈಟ್ಸ್ ಉಂಟು, ರೋಬೊಟಿಕ್ ಕಿಟ್ ಉಂಟು, ಕೇರಳ ಸರಕಾರ ಅದರಲ್ಲಿ ಒಳ್ಳೆಯ ಕೆಲಸ ಮಾಡಿದೆ. ಆದರೆ ಮಕ್ಕಳು ಶಾಲೆ ಬಿಟ್ಟು ವ್ಯಾನು ಹತ್ತುವುದು ಹೈಸ್ಕೂಲಿನಲ್ಲಿ ಅಲ್ಲ, ನಾಲ್ಕು ಐದನೇ ಕ್ಲಾಸಿನಲ್ಲಿ. ನಮ್ಮ ಕೈಯಲ್ಲಿ ಇರುವ ಸಮಯ ಅಷ್ಟೇ.

ಟಿ.ವಿ. ಬೇಕೆನ್ನುವವರಿಗೆ ನನ್ನ ತಕರಾರು ಇದೇ. ಟಿ.ವಿ.ಯಲ್ಲಿ ಇದೇ ಕಾರನ್ನು ತೋರಿಸಬಹುದು, ಟಯರು ಮಾತ್ರ ಕೈಗೆ ಕಳಚಿ ಬರುವುದಿಲ್ಲ.

ಇನ್ನೊಂದು ವಾದ ಉಂಟು, ಅದು ಗಟ್ಟಿಯಾದ ವಾದ. ನಮ್ಮ ಗಣಿತದ ಟೀಚರ್ ಹೇಳಿದ್ದು. "ಹಳದಿ ಬಣ್ಣದ ಗಿಯರ್ ಮೋಟರು ಎರಡು, ಚಕ್ರ, ಬ್ಯಾಟರಿ ಡಬ್ಬಿ, ಎಲ್ಲ ಸೇರಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಮಕ್ಕಳೇ ಗಾಡಿ ಮಾಡಲಿ. ಹತ್ತು ಸಾವಿರಕ್ಕೆ ಹತ್ತು ಗಾಡಿಯಾದೀತು." ಸರಿಯಾದ ಮಾತು, ಅದನ್ನೂ ಮಾಡಬೇಕು. ಆದರೆ ಆ ಗಾಡಿ ತಿರುಗುವುದು ಒಂದು ಬದಿಯ ಚಕ್ರ ನಿಲ್ಲಿಸಿ, ಬುಲ್ಡೋಜರಿನ ಹಾಗೆ. ಸ್ಟಿಯರಿಂಗು, ಸಸ್ಪೆನ್ಶನ್ನು, ಡಿಫರೆನ್ಶಿಯಲ್ಲು ಅದರಲ್ಲಿ ಇಲ್ಲ. ಅಚ್ಚುಕಟ್ಟಾಗಿ ಮಾಡಿದ ಒಂದು ಯಂತ್ರವನ್ನು ಮೊದಲು ಬಿಚ್ಚಿ ನೋಡಿದವರು ಆಮೇಲೆ ಮಾಡುವ ಗಾಡಿ ಬೇರೆ ಥರ ಇರುತ್ತದೆ ಎಂದು ನನ್ನ ಅಂದಾಜು. ಟೀಚರ್ ಪೂರ್ತಿ ಒಪ್ಪಿಲ್ಲ. ಅವರಿಗೆಂದು ಒಂದು ಸಾವಿರ ತೆಗೆದಿಟ್ಟಿದ್ದೇನೆ, ಈಗ ಅರ್ಧ ಒಪ್ಪಿದ್ದಾರೆ.

ಹಾಗಾಗಿ ನನ್ನ ಲೆಕ್ಕ ಹೀಗೆ. ಒಂದೇ ಕಾರು. ಎರಡು ಕಾರು ತಂದು ರೇಸು ಬಿಡುವ ಆಸೆ ಬೇಡ. ಉಳಿದ ದುಡ್ಡಿನಲ್ಲಿ ಇನ್ನೊಂದು ಬ್ಯಾಟರಿ, ಎರಡು ಜೊತೆ ಟಯರು, ಒಂದು ಸೆಟ್ಟು ಹಲ್ಲುಚಕ್ರ, ಒಂದು ಸರ್ವೊ, ಸಣ್ಣ ಸ್ಕ್ರೂಡ್ರೈವರುಗಳ ಒಳ್ಳೆಯ ಸೆಟ್ಟು. ಸ್ಕ್ರೂಡ್ರೈವರಿನಲ್ಲಿ ಪಿಸುಣತನ ಮಾಡಬಾರದು, ಕೆಟ್ಟ ಉಕ್ಕಿನದ್ದು ಮೊದಲ ದಿನವೇ ಸ್ಕ್ರೂವಿನ ತಲೆ ತಿನ್ನುತ್ತದೆ. ಕಾರು ತಗೊಂಡು ದುಡ್ಡು ಖಾಲಿ ಮಾಡಿದವರ ಕಾರು ಮೊದಲ ಟಯರು ಹೋದಾಗ ಅಟ್ಟ ಸೇರುತ್ತದೆ, ಬೆಲೆ ಎಷ್ಟೇ ಇರಲಿ.

ತರಿಸುವಾಗ ಒಂದೆರಡು ಸಂಗತಿ ಗಮನಿಸಿ. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಮೊದಲು ಜನ ನೇರವಾಗಿ ತರಿಸುತ್ತಿದ್ದ ಆಲಿಎಕ್ಸ್‌ಪ್ರೆಸ್ 2020ರ ನವೆಂಬರಿನಲ್ಲಿ ನಮ್ಮ ದೇಶದಲ್ಲಿ ನಿಷೇಧವಾಯಿತು. ಆದ್ದರಿಂದ ವಿದೇಶದ ವಿಡಿಯೋದಲ್ಲಿ ಹೇಳುವ ಬೆಲೆಯನ್ನು ರೂಪಾಯಿಗೆ ಪರಿವರ್ತಿಸಿ ಹಿಗ್ಗಬೇಡಿ. ಬಿಡಿಭಾಗ ಇಟ್ಟುಕೊಂಡಿರುವ ಭಾರತದ ಅಂಗಡಿಯಿಂದಲೇ ತರಿಸಿ, ಸ್ವಲ್ಪ ಹೆಚ್ಚಾದರೂ ಅಡ್ಡಿಯಿಲ್ಲ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿಯಿಂದ ಐ.ಎಸ್.ಐ. ಗುರುತು ಕಡ್ಡಾಯ. ಹವ್ಯಾಸದ ಹಲವು ಕಾರುಗಳ ಪೆಟ್ಟಿಗೆಯ ಮೇಲೆ 14 ವರ್ಷ ಮೇಲ್ಪಟ್ಟವರಿಗೆ ಎಂದು ಇರುತ್ತದೆ. ನಮ್ಮ ಮಕ್ಕಳು ಹತ್ತು ಹನ್ನೆರಡರವರು. ಆದ್ದರಿಂದ ಇದು ಮನೆಗೆ ಕೊಂಡುಹೋಗುವ ಸಾಮಾನಲ್ಲ, ಒಬ್ಬ ಮಾಷ್ಟ್ರೋ ಟೀಚರೋ ಹತ್ತಿರ ಇದ್ದಾಗ ಮಾತ್ರ ತೆಗೆಯುವುದು.

ಬ್ಯಾಟರಿಯ ವಿಷಯದಲ್ಲಂತೂ ನಾನು ಯಾರ ಮಾತೂ ಕೇಳುವವನಲ್ಲ. ಲಿಪೊ ಎಂಬ ಜಾತಿ ಹಗುರ, ಶಕ್ತಿಶಾಲಿ, ಆದರೆ ಸೆಲ್ಲಿಗೆ 4.2 ವೋಲ್ಟಿಗಿಂತ ಹೆಚ್ಚು ತುಂಬಿದರೆ, ಚುಚ್ಚಿದರೆ, ಜಜ್ಜಿದರೆ ಬೆಂಕಿ ಹಿಡಿಯಬಹುದು. 3 ವೋಲ್ಟಿಗಿಂತ ಕೆಳಗಿಳಿದರೆ ಹಾಳು. ನಿಕ್ಕಲ್ ಮೆಟಲ್ ಹೈಡ್ರೈಡ್ ಎಂಬುದು ಭಾರ, ಸೆಲ್ಲಿಗೆ 1.2 ವೋಲ್ಟು, ಆದರೆ ತಾಳ್ಮೆಯ ಎತ್ತಿನ ಹಾಗೆ. ಶಾಲೆಗೆ ಅದೇ ಸಾಕು. ಚಾರ್ಜ್ ಮಾಡುವುದು ದೊಡ್ಡವರು, ಸಿಮೆಂಟು ನೆಲದ ಮೇಲೆ, ಕಣ್ಣೆದುರಿಗೆ. ರಾತ್ರಿ ಹಾಕಿಟ್ಟು ಹೋಗುವ ಕ್ರಮ ಇಲ್ಲ.

ಓಡಿಸುವ ಸರದಿಗೂ ಒಂದು ನಿಯಮ ಬೇಕು. ಇಲ್ಲದಿದ್ದರೆ ದೊಡ್ಡ ಹುಡುಗರು ರಿಮೋಟ್ ಹಿಡಿದು ಬಿಡುವುದಿಲ್ಲ, ಹೆಣ್ಣುಮಕ್ಕಳು ಕಿಟಕಿ ಪಕ್ಕ ನಿಂತು ನೋಡುತ್ತಾರೆ. ಬಿಚ್ಚಿ ಜೋಡಿಸಿದವರಿಗೆ ಮೊದಲ ಸುತ್ತು, ಸಮಯ ಬರೆದುಕೊಂಡವರಿಗೆ ಎರಡನೆಯದು, ಉಳಿದವರು ಆಮೇಲೆ. ಕಳೆದ ವರ್ಷದ ಆ ಎರಡು ದಿನ ಹೀಗೆ ಮಾಡಿ ನೋಡಿದ್ದೇವೆ, ಮಧ್ಯಾಹ್ನದ ಹೊತ್ತಿಗೆ ಸ್ಕ್ರೂಡ್ರೈವರಿಗೇ ಸಾಲು ನಿಂತಿತ್ತು.

ಕೊನೆಗೆ ಊರಿನವರಲ್ಲಿ ಒಂದು ಬೇಡಿಕೆ. ವರ್ಷಕ್ಕೆ ಒಮ್ಮೆಯಾದರೂ ಮಕ್ಕಳಿಗೆ ಕೋಣೆಗಿಂತ ದೊಡ್ಡ ರಸ್ತೆ ಬೇಕು. ನಮ್ಮೂರಲ್ಲಿ ಅಡಿಕೆ ಒಣಗಿಸುವ ಸಿಮೆಂಟಿನ ಅಂಗಳಕ್ಕಿಂತ ಒಳ್ಳೆಯ ಆನ್‌ರೋಡ್ ಟ್ರ್ಯಾಕ್ ಇಲ್ಲ. ಮಳೆ ಬಿಟ್ಟು, ಪಾಚಿ ಉಜ್ಜಿ ತೆಗೆದು, ಅಡಿಕೆ ಬಂದು ಹರಡುವ ಮೊದಲಿನ ಆ ಕೆಲವು ದಿನ ಅಂಗಳ ಖಾಲಿ ಇರುತ್ತದಲ್ಲ, ಒಂದು ಶನಿವಾರ ಕೊಟ್ಟರೆ ಸಾಕು. ಪಾಚಿ ಉಜ್ಜುವುದಕ್ಕೆ ನಾವೂ ಬರುತ್ತೇವೆ. ಈಗಾಗಲೇ ಇಬ್ಬರು ಒಪ್ಪಿದ್ದಾರೆ, ಮೂರನೆಯವರ ಅಂಗಳ ಎಲ್ಲಕ್ಕಿಂತ ದೊಡ್ಡದು, ಆದರೆ ಅವರ ಮನೆಯಲ್ಲಿ ನಾಯಿ ಉಂಟು, ಓಡುವ ಯಾವುದನ್ನೂ ಅದು ಬಿಡುವುದಿಲ್ಲವಂತೆ.